ಬ್ರೆಜಿಲ್ಲಿನ ಬೀಗರು

ನಮ್ಮ ಕಾರ್ಖಾನೆ ಚೆನ್ನೈ ಹತ್ತಿರದ ಎಣ್ಣೂರಿನಲ್ಲಿದೆ. ಪಂಪುಗಳಲ್ಲಿ ನೀರು ಸೋರದಂತೆ ತಡೆಯುವ ರಬ್ಬರ್ ಸೀಲುಗಳನ್ನು ಮಾಡುತ್ತೇವೆ. ಹೇಳಿಕೊಂಡು ಮೆರೆಯುವಂಥ ವಸ್ತುವೇನಲ್ಲ. ಮದುವೆ ಮನೆಗಳಲ್ಲಿ ಯಾರಾದರೂ "ನಿಮ್ಮದು ಏನು ಬಿಸಿನೆಸ್ಸು?" ಎಂದು ಕೇಳಿದರೆ, ನಾನು ಹೇಳಿ ಮುಗಿಸುವುದರೊಳಗೆ ಅವರ ಕಣ್ಣು ಊಟದ ಹಾಲಿನ ಕಡೆಗೆ ಹೋಗಿರುತ್ತದೆ. ಆದರೆ ಬಳೆಯಂಥ ಈ ಕಪ್ಪು ಸೀಲುಗಳು ಬಹಳ ವರ್ಷಗಳಿಂದ ಹಡಗು ಹತ್ತಿ ಬ್ರೆಜಿಲ್ ದೇಶದ ದಕ್ಷಿಣ ತುದಿಯ ಒಂದು ಊರಿಗೆ ಹೋಗುತ್ತಿವೆ. ಅಲ್ಲಿ ಭತ್ತದ ಗದ್ದೆಗೆ ನೀರೆತ್ತುವ ಪಂಪುಗಳನ್ನು ಮಾಡುವ ಒಂದು ಕಂಪನಿ ಇದೆ. ನಮ್ಮಂತೆಯೇ ಮನೆಯವರೇ ನಡೆಸುವ ಕಂಪನಿ. ಅದರ ಯಜಮಾನಿ ಅಪ್ಪನ ವಯಸ್ಸಿನ ಹೆಂಗಸು. ಆಕೆಯ ಮಗನಿಗೆ ಇಂಗ್ಲಿಷ್ ಬರುತ್ತದೆ, ನನಗೂ ಬರುತ್ತದೆ. ಹೀಗಾಗಿ ಎರಡು ಕಂಪನಿಗಳ ಮಾತುಕತೆ ಎಂದರೆ ನಾನು ಮತ್ತು ಅವನು.

ಚೆನ್ನೈಯ ವೇಲಚೇರಿಯ ನಮ್ಮ ಮನೆಯಲ್ಲಿ ಮೂವರಿದ್ದೇವೆ. ಅಪ್ಪ, ಅಪ್ಪನ ತಂಗಿ, ನಾನು. ಅಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಅಪ್ಪ ಹುಬ್ಬಳ್ಳಿ ಕಡೆಯಿಂದ ಮದರಾಸಿಗೆ ಬಂದು ಮೊದಲು ರಬ್ಬರ್ ಸಾಮಾನಿನ ವ್ಯಾಪಾರ ಮಾಡಿ, ಆಮೇಲೆ ಕಾರ್ಖಾನೆ ಹಾಕಿದವರು. ಅತ್ತೆ ಆಗ ಅವರ ಜೊತೆಗೇ ಬಂದವರು. ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ಕಂಪನಿಯ ಲೆಕ್ಕಪತ್ರ, ರಫ್ತು, ಬ್ಯಾಂಕಿನವರ ಜೊತೆಗಿನ ಜಗಳ, ಇಷ್ಟರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಬೇಸರ ಬರುವುದು ಜನ ನನಗೆ ಬೇಸರವಿರಬೇಕು ಎಂದುಕೊಂಡು ಮಾತಾಡಿದಾಗ.

ಬ್ರೆಜಿಲ್ಲಿನಿಂದ ಆ ಪ್ರಸ್ತಾಪ ಬಂದದ್ದು ಇಂಥ ಒಂದು ಸಾಧಾರಣ ದಿನ. ನಮ್ಮ ಕಂಪನಿಯಲ್ಲಿ ಒಂದು ಪಾಲು ಅವರು ತೆಗೆದುಕೊಳ್ಳುತ್ತಾರೆ, ಆ ಹಣದಲ್ಲಿ ಎಣ್ಣೂರಿನಲ್ಲಿ ಹೊಸ ಶೆಡ್ಡು, ಹೊಸ ಯಂತ್ರ. ನಾವು ಅವರ ಊರಿನ ಹೊಸ ಘಟಕದಲ್ಲಿ ಒಂದು ಪಾಲು ಹಾಕಬೇಕು. ಅಲ್ಲಿ ಸೀಲುಗಳ ಕೊನೆಯ ಕೆಲಸ ನಡೆದು, ಅಲ್ಲಿಂದಲೇ ಅಕ್ಕಪಕ್ಕದ ದೇಶಗಳಿಗೆ ಹೋಗುತ್ತದೆ. ಓದಿ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ. ಇಂಥದ್ದು ದೊಡ್ಡ ದೊಡ್ಡ ಕಂಪನಿಗಳು ಮಾಡುವ ಕೆಲಸ ಎಂದು ಪೇಪರಿನಲ್ಲಿ ಓದಿಕೊಂಡಿದ್ದವಳು ನಾನು.

ಆಮೇಲೆ ಕೆಲವು ವಾರ ಸಿಕ್ಕಿದ್ದನ್ನೆಲ್ಲ ಓದಿದೆ. ಎರಡು ದೇಶಗಳ ನಡುವೆ ವ್ಯಾಪಾರ ಚೆನ್ನಾಗಿಯೇ ಇದೆ. ಎಣ್ಣೆ, ಸಕ್ಕರೆ, ಔಷಧ, ರಾಸಾಯನಿಕಗಳು ಹಡಗುಗಳಲ್ಲಿ ಓಡಾಡುತ್ತಿವೆ. ಆದರೆ ಒಬ್ಬರ ನೆಲದಲ್ಲಿ ಇನ್ನೊಬ್ಬರು ಹಣ ಹೂಡುವುದು ಅದಕ್ಕೆ ಹೋಲಿಸಿದರೆ ಕಡಿಮೆ. ನಮ್ಮವರು ಅಲ್ಲಿ ಔಷಧ, ಸಕ್ಕರೆ ಕಾರ್ಖಾನೆ, ವಿದ್ಯುತ್ ತಂತಿ ಎಂದು ಹೋಗಿದ್ದಾರೆ. ಅವರು ಇಲ್ಲಿಗೆ ಮೋಟಾರು ಮಾಡಲು ಬಂದಿದ್ದಾರೆ. ಇನ್ನೊಂದು ವಿಚಿತ್ರವೆಂದರೆ ಬರುವ ಹಣ ಸೀದಾ ಬರುವುದಿಲ್ಲ, ನಡುವೆ ಯಾವುದೋ ಮೂರನೆಯ ದೇಶದಲ್ಲಿ ಇಳಿದು ಬರುತ್ತದೆ. ಮುಂದೆ ನಮಗೆ ಬಂದ ಹಣವೂ ಯುರೋಪಿನ ಒಂದು ಪುಟ್ಟ ದೇಶದ ಮೂಲಕ ಬಂತು. ಸರ್ಕಾರದ ಅಂಕಿಅಂಶಗಳಲ್ಲಿ ಅದು ಆ ಪುಟ್ಟ ದೇಶದ ಖಾತೆಗೇ ಸೇರಿರಬೇಕು. ಅಂದರೆ ಈ ಎರಡು ದೇಶಗಳ ಸಂಬಂಧ ಎಷ್ಟು ಬೆಳೆದಿದೆ ಎಂದು ನಾಳೆ ಯಾರಾದರೂ ಪಟ್ಟಿ ಹಾಕಿದರೆ ಅದರಲ್ಲಿ ನಾವಿರುವುದಿಲ್ಲ. ಆ ಯಜಮಾನಿಯೂ ಇರುವುದಿಲ್ಲ.

ಓದಿದ್ದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಇದು ಸಾಟಿ ಲಗ್ನ ಅದವಾ" ಎಂದರು.

ಊರ ಕಡೆ ಸಾಟಿ ಲಗ್ನ ಎಂದರೆ ಕೊಟ್ಟು ತರುವ ಸಂಬಂಧ. ಒಂದು ಮನೆಯ ಮಗಳನ್ನು ಇನ್ನೊಂದು ಮನೆಗೆ ಕೊಡುವುದು, ಆ ಮನೆಯ ಮಗಳನ್ನು ಈ ಮನೆಗೆ ತರುವುದು, ಎರಡೂ ಮದುವೆ ಒಂದೇ ಹಂದರದಲ್ಲಿ. ನಾನು ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ.

"ಮಾಲು ಕಳಸೂದು ಬ್ಯಾರೆ. ರೊಕ್ಕ ಕೊಟ್ರು, ಮಾಲು ಕೊಟ್ವಿ, ಮುಗೀತು. ಇದು ಹಂಗಲ್ಲ. ನಮ್ಮ ಕೂಸು ಅವರ ಮನ್ಯಾಗ, ಅವರ ಕೂಸು ನಮ್ಮ ಮನ್ಯಾಗ. ಇಲ್ಲಿ ಒಂದು ಅತ್ರ ಅಲ್ಲೀದೂ ಅಳತೈತಿ."

ದೂರದ ದೇಶಗಳು ಯಾಕೆ ಹಣ ಹೂಡಲು ಹಿಂಜರಿಯುತ್ತವೆ ಎಂದು ನಾನು ಓದಿದ ಉದ್ದುದ್ದ ವರದಿಗಳು ಕೊನೆಗೆ ಹೇಳುತ್ತಿದ್ದದ್ದೂ ಬಹಳ ಬೇರೆಯದಲ್ಲ. ಆದರೂ ಅಪ್ಪ ಅದನ್ನು ಹೇಳಿದ ದನಿ ನನಗೆ ಹಿಡಿಸಲಿಲ್ಲ. ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರು ಒಳಗೆ ಹೋಗಿ ಕುಕ್ಕರ್ ಇಳಿಸಿದರು.

ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಅವರದೂ ಅಪ್ಪನದೂ ಸಾಟಿ ಲಗ್ನವೇ ಆಗಿತ್ತು. ಅತ್ತೆಯನ್ನು ಒಂದು ಮನೆಗೆ ಕೊಟ್ಟು, ಆ ಮನೆಯ ಮಗಳನ್ನು ಅಪ್ಪನಿಗೆ ತಂದುಕೊಂಡಿದ್ದರು. ಆಕೆ ನನ್ನ ಅಮ್ಮನಲ್ಲ. ಅಪ್ಪನಿಗೂ ಆಕೆಗೂ ಹೊಂದಲಿಲ್ಲ, ಆಕೆ ಒಂದು ದಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹಿರಿಯರು ಕೂತು ಸಂಬಂಧ ಬಿಡಿಸಿದರು. ಅವರ ಮಗಳು ನಮ್ಮಲ್ಲಿ ಇರುವುದಿಲ್ಲವಾದರೆ ನಮ್ಮ ಮಗಳು ಅವರಲ್ಲಿ ಯಾಕಿರಬೇಕು ಎಂದು ನನ್ನ ಅಜ್ಜ ಹೋಗಿ ಅತ್ತೆಯನ್ನು ಕರೆತಂದರು. ಆ ಮೇಲೆ ಅಪ್ಪ ಊರು ಬಿಟ್ಟು ಇಲ್ಲಿಗೆ ಬಂದರು, ಇಲ್ಲಿಯ ನಮ್ಮವರ ಮನೆತನವೊಂದರಿಂದ ನನ್ನ ಅಮ್ಮನನ್ನು ಮದುವೆಯಾದರು. ಅತ್ತೆ ಮತ್ತೆ ಮದುವೆಯಾಗಲಿಲ್ಲ. ಇಷ್ಟು ನನಗೆ ಅಮ್ಮ ಹೇಳಿದ್ದು. ಅತ್ತೆಯಾಗಲಿ ಅಪ್ಪನಾಗಲಿ ಇದನ್ನು ಎತ್ತಿದ್ದನ್ನು ನಾನು ಕೇಳಿರಲಿಲ್ಲ. ನನ್ನನ್ನು ಸಾಕಿ ಬೆಳೆಸಿದ್ದು ಅರ್ಧಕ್ಕರ್ಧ ಅತ್ತೆಯೇ. ಅವರ ಬದುಕು ಹೀಗೆ ಮುರಿಯದಿದ್ದರೆ ನನ್ನ ತಲೆ ಬಾಚಲು ಅವರು ಇರುತ್ತಿರಲಿಲ್ಲ ಎಂದು ಯೋಚಿಸಿದಾಗ ನನಗೆ ಒಂಥರಾ ಸಂಕಟವಾಗುತ್ತದೆ.

ಅಪ್ಪ ಕೊನೆಗೆ ಒಪ್ಪಿದ್ದು ನಮ್ಮ ಆಡಿಟರ್ ಮಾತಿನಿಂದ. ಈತ ತ್ರಿಪ್ಲಿಕೇನಿನವರು, ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ವೈಷ್ಣವರ ಮನೆಯವರು, ಮನೆಮಾತು ಕನ್ನಡ. ಆ ಕನ್ನಡಕ್ಕೆ ತಮಿಳಿನ ಒಗ್ಗರಣೆ ಎಷ್ಟು ಜೋರು ಎಂದರೆ ಒಮ್ಮೊಮ್ಮೆ ಒಗ್ಗರಣೆಯೇ ಹೆಚ್ಚು, ಸಾರು ಕಡಿಮೆ.

"ಸಾರ್, ನೀವು ಭಯ ಪಡಬೇಡಿ. ಅಗ್ರಿಮೆಂಟ್‌ಲೇ ಒಂದು ಕಂಡಿಷನ್ ಹಾಕ್ತೀನಿ" ಎಂದರು ಅವರು. "ಯಾವ ಕಡೆ ಫ್ಯಾಕ್ಟರಿ ರೊಂಬ ದಿವಸ ನಿಂತುಹೋದ್ರೂ ಇನ್ನೊಂದು ಕಡೆಯವರು ತಮ್ಮ ಪಂಗು ವಾಪಸ್ ತಗೋಬಹುದು. ಆಗ ಅವರ ಪಂಗನ್ನ ನೀವೂ ವಾಪಸ್ ಕೊಟ್ಟುಬಿಡ್ತೀರಿ. ಕ್ಲೀನ್ ಆಗಿ ಮುಗೀತು. ಯಾರಿಗೂ ನಷ್ಟ ಇಲ್ಲೆ."

ಪಂಗು ಎಂದರೆ ತಮಿಳಿನಲ್ಲಿ ಪಾಲು. ಕ್ಲೀನ್ ಆಗಿ ಮುಗೀತು ಎಂಬ ಮಾತು ಕೇಳಿ ಅಪ್ಪ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆಗಲಿ ಎಂದರು.

ಸಹಿಯ ದಿನ ಒಂದು ತಮಾಷೆ ನಡೆಯಿತು. ಆಗ ಅದು ತಮಾಷೆಯೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಒಳ್ಳೆ ಗಳಿಗೆ, ಕೆಟ್ಟ ಗಳಿಗೆ ಎಂದು ಎಣಿಸುವುದು ನಮ್ಮಲ್ಲಿ ಇರಬಾರದು. ಆದರೆ ಇಷ್ಟು ವರ್ಷ ಚೆನ್ನೈಯಲ್ಲಿ ಬಾಳಿದ ಮೇಲೆ ಅಪ್ಪನಿಗೂ ದಿನದ ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ಇಲ್ಲದೆ ಬೆಳಗಾಗುವುದಿಲ್ಲ. ಅದರಲ್ಲಿ ರಾಹುಕಾಲವನ್ನು ಮೊದಲು ನೋಡುತ್ತಾರೆ, ತಾರೀಖು ಆಮೇಲೆ. ಬ್ರೆಜಿಲ್ಲಿನವರು ಶುಕ್ರವಾರ ಎಂದರು. ಶುಕ್ರವಾರದ ರಾಹುಕಾಲ ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡು. ಅದು ಕಳೆದು ಸಂಜೆ ಏಳಕ್ಕೆ ಇಟ್ಟುಕೊಳ್ಳೋಣ ಎಂದು ಅಪ್ಪ ತೀರ್ಮಾನಿಸಿದರು. ನಾನು ಒಂದು ಸುಳ್ಳು ಕಾರಣ ಹೇಳಿ ಆ ಸಮಯಕ್ಕೆ ಅವರನ್ನು ಒಪ್ಪಿಸಿದೆ. ಸಂಜೆ ಕಂಪ್ಯೂಟರಿನ ಪರದೆಯ ಮೇಲೆ ಯಜಮಾನಿ ಸಹಿ ಮಾಡಿದಳು, ಇತ್ತ ಅಪ್ಪ ಮಾಡಿದರು. ಅತ್ತೆ ಹೋಳಿಗೆ ಮಾಡಿದ್ದರು. ಅದನ್ನು ಕ್ಯಾಮೆರಾಗೆ ತೋರಿಸಿ ತಿಂದೆವು, ಅವರೂ ಏನೋ ಕೇಕು ತೋರಿಸಿದರು. ಬೀಗರ ಊಟ ಎಂದು ನಾನು ಅತ್ತೆಯನ್ನು ಕೆಣಕಿದೆ.

ಹೊಸ ಶೆಡ್ಡು ಎದ್ದಿತು. ಯಂತ್ರ ಬಂತು. ಅವರ ಕಡೆಯ ಇಬ್ಬರು ಬಂದು ಎಣ್ಣೂರಿನ ಬಿಸಿಲು, ವಿದ್ಯುತ್ ಸ್ಥಾವರದ ಬೂದಿ ಎರಡನ್ನೂ ತಡೆದುಕೊಂಡು ಅದನ್ನು ಕೂಡಿಸಿಕೊಟ್ಟು ಹೋದರು. ಅಲ್ಲಿಯ ಘಟಕವೂ ಶುರುವಾಯಿತು. ಅದರ ಫೋಟೋ ನೋಡಿ ಅಪ್ಪ "ನಮ್ಮ ಕೂಸು ಚಂದ ಅದ" ಎಂದರು. ಒಂದು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು.

ಆಮೇಲೆ ಅವರ ಊರು ಮುಳುಗಿತು. ನದಿ ಉಕ್ಕಿ ಬಂದು ಇಡೀ ಕಾರ್ಖಾನೆ ಬೀದಿ ನೀರಿನಡಿ ಹೋಯಿತು ಎಂದು ಮಗನಿಂದ ಎರಡು ಸಾಲು ಬಂತು, ಜೊತೆಗೆ ಒಂದು ಫೋಟೋ. ವೇಲಚೇರಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯಲ್ಲೂ ದೋಣಿ ಓಡಾಡಿದೆ. ನೀರು ಇಳಿದ ಮೇಲೆ ಗೋಡೆಯಿಂದ ಬರುವ ವಾಸನೆ, ಸ್ವಿಚ್ ಬೋರ್ಡಿನೊಳಗೆ ಕೂತ ಕೆಸರು, ಎಲ್ಲ ನಮಗೆ ಗೊತ್ತು. ಆ ಫೋಟೋದಲ್ಲಿ ನಮ್ಮ ಘಟಕದ ಮೇಲ್ಛಾವಣಿ ಮಾತ್ರ ಕಾಣುತ್ತಿತ್ತು. ಅದನ್ನು ಅಪ್ಪನಿಗೆ ತೋರಿಸಿದೆ.

ಕಾರ್ಖಾನೆ ಯಾವಾಗ ತಿರುಗಿ ಶುರುವಾಗುತ್ತದೋ ಅವರಿಗೂ ಗೊತ್ತಿರಲಿಲ್ಲ. ತಿಂಗಳುಗಳು ಉರುಳಿದವು. ಒಪ್ಪಂದದಲ್ಲಿ ಹೇಳಿದ ಅವಧಿ ಮುಗಿದ ವಾರ ಆಡಿಟರ್ ನಮ್ಮ ಮನೆಗೇ ಬಂದರು. ಕಾಫಿ ಲೋಟವನ್ನು ಮುಟ್ಟಲೂ ಇಲ್ಲ.

"ಸಾರ್, ಈಗ ನಿಮ್ಮ ಪಂಗು ವಾಪಸ್ ಕೇಳಬೇಕು. ಅವರ ಹತ್ರ ಇನ್ಶೂರೆನ್ಸ್ ಹಣ ಬರ್ತಾ ಇದೆ. ಇವತ್ತು ಕೇಳಿದ್ರೆ ಕೊಡ್ತಾರೆ, ಕೊಡಲೇಬೇಕು, ಕಂಡಿಷನ್ ಇದೆ. ಆರು ತಿಂಗಳು ಬಿಟ್ಟು ಕೇಳಿದ್ರೆ ಕೊಡೋಕೆ ಏನೂ ಇರೋದಿಲ್ಲೆ."

"ಆಮ್ಯಾಲ ಅವರ ಪಾಲು?"

"ಅದನ್ನ ನೀವು ಕೊಟ್ಟುಬಿಡಿ. ನಾನು ಬ್ಯಾಂಕ್‌ನವರ ಹತ್ರ ಮಾತಾಡಿದೀನಿ. ಅವರ ಹಣದ ಬದಲಿಗೆ ಲೋನ್ ಕೊಡ್ತಾರೆ. ಪಾವಂ, ಅವರಿಗೆ ಕಷ್ಟ ಆಗುತ್ತೆ, ಇಲ್ಲ ಅನ್ನೋದಿಲ್ಲ. ಆದ್ರೆ ಸಾರ್, ಅವರು ಮುಳುಗೋದಾದ್ರೆ ಜೊತೆಗೆ ನೀವೂ ಯಾಕೆ ಮುಳುಗಬೇಕು?"

ಆತ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಕೂತು ಲೆಕ್ಕ ಹಾಕಿದ್ದೆ. ಅವರು ಏಳದಿದ್ದರೆ ಅಲ್ಲಿ ಹಾಕಿದ ನಮ್ಮ ಹಣ ಪೂರ್ತಿ ಹೋಗುತ್ತದೆ, ಆ ಹೊಡೆತಕ್ಕೆ ಎಣ್ಣೂರಿನ ಕಾರ್ಖಾನೆಯೂ ಉಳಿಯುವುದು ಅನುಮಾನ. ಈಗ ಕಿತ್ತುಕೊಂಡರೆ ನಾವು ಉಳಿಯುತ್ತೇವೆ. ಆದರೆ ಅವರ ಪಾಲು ಬ್ಯಾಂಕು ದಾಟಿ ಅವರನ್ನು ತಲುಪಲು ತಿಂಗಳುಗಳು ಬೇಕು, ಅಷ್ಟರೊಳಗೆ ಒಂದೇ ಏಟಿಗೆ ನಮಗೆ ಅಷ್ಟು ಹಣ ಕೊಟ್ಟರೆ ಅವರು ಖಂಡಿತ ಏಳುವುದಿಲ್ಲ. ಎರಡನ್ನೂ ಅಪ್ಪನ ಮುಂದೆ ಇಟ್ಟೆ. ನನಗೆ ನನ್ನದೇ ಒಂದು ಅಭಿಪ್ರಾಯವಿತ್ತು. ಅದು ಆಡಿಟರ್ ಅಭಿಪ್ರಾಯವೇ ಆಗಿತ್ತು. ಅದನ್ನು ನೆನೆದರೆ ಖುಷಿಯಾಗುವುದಿಲ್ಲ, ಆದರೆ ಅಷ್ಟು ಜನರ ಸಂಬಳದ ಜವಾಬ್ದಾರಿ ಹೊತ್ತವಳಿಗೆ ಬೇರೆ ಅಭಿಪ್ರಾಯ ಬರುವುದು ಕಷ್ಟ.

ಅಪ್ಪ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತರು.

"ಅವರಲ್ಲಿ ಆವಾಗ ಟೈಮ್ ಎಷ್ಟಾಗಿತ್ತು? ನಾವು ಸಹಿ ಮಾಡಿದಾಗ?"

ನಾನು ಮನಸ್ಸಿನಲ್ಲೇ ಎಣಿಸಿದೆ. ನಮಗಿಂತ ಎಂಟೂವರೆ ಗಂಟೆ ಹಿಂದೆ. ಎಣಿಸಿ ಮುಗಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಬೆಳಗಿನ ಹತ್ತೂವರೆ" ಎಂದೆ.

ಆಡಿಟರ್ ಹಣೆ ಹಣೆ ಚಚ್ಚಿಕೊಂಡರು. ನಮ್ಮ ರಾಹುಕಾಲವನ್ನು ತಪ್ಪಿಸಲು ಹೋಗಿ ಆ ಹೆಂಗಸನ್ನು ನೇರ ಅವರ ಊರಿನ ರಾಹುಕಾಲದಲ್ಲಿ ಕೂರಿಸಿ ಸಹಿ ಹಾಕಿಸಿದ್ದೆವು. ಶುಕ್ರವಾರ ಅಲ್ಲಿಯೂ ಶುಕ್ರವಾರವೇ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ನೋಡಿದ್ಯಾ! ಗಳಿಗಿನ ಸರಿ ಇರಲಿಲ್ಲ. ಈ ಸಂಬಂಧ ನಿಲ್ಲೂದಲ್ಲ" ಎಂದರು ಅಪ್ಪ. ಆ ಮಾತಿನಲ್ಲಿ ದುಃಖಕ್ಕಿಂತ ನಿರಾಳ ಹೆಚ್ಚಿತ್ತು. ಬಿಟ್ಟುಬಿಡಲು ಅವರಿಗೊಂದು ಕಾರಣ ಬೇಕಿತ್ತು, ಸಿಕ್ಕಿತು. ಕಾಗದ ತಯಾರು ಮಾಡಿ ಎಂದು ಆಡಿಟರ್‌ಗೆ ಹೇಳುವುದರಲ್ಲಿದ್ದರು.

"ನಮಗೂ ಗಳಿಗಿ ನೋಡಿದ್ರಲ್ಲ, ಅಣ್ಣಾ" ಎಂದರು ಅತ್ತೆ.

ಅವರು ಆಡಿಟರ್ ಮುಟ್ಟದ ಕಾಫಿಯನ್ನು ಬಿಸಿ ಮಾಡಲು ಎತ್ತಿಕೊಂಡಿದ್ದರು. ಲೋಟ ಕೈಯಲ್ಲೇ ಇತ್ತು.

"ಒಂದ ಹಂದರದಾಗ ಎರಡು ಲಗ್ನ. ಭಾರಿ ಗಳಿಗಿ ಅಂದಿದ್ರು. ನಿಂದು ಮುರೀತು. ನಂದೇನು ಮುರಿದಿರಲಿಲ್ಲ. ನಾ ಆ ಮನ್ಯಾಗ ಸುಖದಿಂದ ಇದ್ದೆ. ನಿಂದು ಮುರೀತಂತ ನಂದೂ ಮುರದ್ರಿ. ನೀ ಇರ್ತೀಯೇನು ಅಂತ ನನ್ನ ಯಾರಾದರೂ ಒಂದು ಮಾತು ಕೇಳಿದ್ರೇನು?"

ಆಡಿಟರ್‌ಗೆ ಅರ್ಧ ತಿಳಿದಿರಬೇಕು, ನೆಲ ನೋಡುತ್ತಾ ಕೂತರು. ನನ್ನ ಇಡೀ ಜೀವಮಾನದಲ್ಲಿ ಆ ಮನೆಯ ಹೆಸರನ್ನೂ ಎತ್ತದ ಅತ್ತೆ ಹೊರಗಿನವರ ಮುಂದೆ ಹೀಗೆ ಮಾತಾಡಿದ್ದರು. ದನಿ ಏರಿಸಿರಲೂ ಇಲ್ಲ.

"ಬ್ರೆಜಿಲ್ಲಿನ ಆ ಹೆಣ್ಮಗಳನ್ನರ ಕೇಳ್ರಿ" ಎಂದರು. "ಕೇಳಿ ಆಮ್ಯಾಲ ಏನರ ಮಾಡ್ರಿ." ಎಂದು ಕಾಫಿ ತೆಗೆದುಕೊಂಡು ಒಳಗೆ ಹೋದರು.

ಆ ದಿನ ಕಾಗದ ತಯಾರಾಗಲಿಲ್ಲ. ಮರುದಿನ ಸಂಜೆ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಕಂಪ್ಯೂಟರ್ ಮುಂದೆ ಕೂತರು. ಕ್ಯಾಲೆಂಡರ್ ನೋಡಲಿಲ್ಲ. ಪರದೆಯ ಮೇಲೆ ಯಜಮಾನಿ ಕಾಣಿಸಿದಳು, ಪಕ್ಕದಲ್ಲಿ ಮಗ. ಆಕೆ ಸೊರಗಿಹೋಗಿದ್ದಳು. ಹಿಂದಿನ ಗೋಡೆಯ ಮೇಲೆ ನೀರು ನಿಂತ ಗುರುತು ಆಕೆಯ ತಲೆಗಿಂತ ಮೇಲಿತ್ತು. ನಾವು ಬಾಯಿ ತೆರೆಯುವ ಮೊದಲೇ ಮಗ ಇಂಗ್ಲಿಷಿನಲ್ಲಿ ಶುರುಮಾಡಿದ. ನಿಮ್ಮ ಕಾಗದವನ್ನು ಎದುರು ನೋಡುತ್ತಿದ್ದೇವೆ, ನಿಮ್ಮ ಹಕ್ಕು ನಮಗೆ ಗೊತ್ತಿದೆ, ಅಮ್ಮ ಹಣ ಹೊಂದಿಸಲು ಮನೆ ಮಾರುವ ಮಾತಾಡಿದ್ದಾರೆ, ಸ್ವಲ್ಪ ಸಮಯ ಕೊಡಿ ಎಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ರೊಕ್ಕ ಕೇಳಾಕ ಬಂದಿಲ್ಲಂತ ಹೇಳು" ಎಂದರು ಅಪ್ಪ. "ನಮ್ಮ ಜೋಡಿ ಇರಾಕ ಮನಸ್ಸು ಐತೇನಂತ ಕೇಳು. ಇದ್ರ, ನಾವು ಬಿಡೂದಿಲ್ಲ. ಅಲ್ಲಿ ಶುರು ಆಗೂತನಾ ಅವರ ಗಿರಾಕಿಗೆ ಇಲ್ಲಿಂದನ ಮಾಲು ಕಳಸೂಣು. ಅವರ ಹೆಸರಿನಾಗ."

ನಾನು ಅಪ್ಪನನ್ನು ನೋಡಿದೆ. ಹಾಗೆ ಮಾಡಬಹುದು ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಹೊಸ ಶೆಡ್ಡಿನ ಯಂತ್ರ ಎರಡು ಪಾಳಿ ಓಡಿದರೆ ಆಗುತ್ತದೆ. ಕಷ್ಟ, ಅಪಾಯವೂ ಹೌದು, ಆದರೆ ಆಗುತ್ತದೆ. ನಾನು ಹೇಳಿದೆ. ಮಗ ತಮ್ಮ ಭಾಷೆಯಲ್ಲಿ ತಾಯಿಗೆ ಹೇಳಿದ. ಆಕೆ ಅಪ್ಪನನ್ನೇ ನೋಡುತ್ತಾ ಹೌದೆಂದು ತಲೆಯಾಡಿಸಿದಳು, ಆಮೇಲೆ ಕೈಯಿಂದ ಮುಖ ಮುಚ್ಚಿಕೊಂಡಳು. ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ.

ಅವರು ಇನ್ನೂ ಪೂರ್ತಿ ಎದ್ದಿಲ್ಲ. ನಮ್ಮ ಬ್ಯಾಂಕಿನವರು ನನ್ನನ್ನು ಕಂಡರೆ ಈಗ ಮೊದಲಿನಷ್ಟು ನಗುವುದಿಲ್ಲ. ಆಡಿಟರ್ ಬಂದಾಗಲೆಲ್ಲ "ನಾನು ಅಂದೇ ಹೇಳಿದೆ" ಎಂಬ ಮುಖ ಹೊತ್ತೇ ಬರುತ್ತಾರೆ. ನಾಳೆ ಅವರ ಮಾತೇ ನಿಜವಾದರೂ ಆಗಬಹುದು.

ಆ ಸಂಜೆ ಕರೆ ಮುಗಿದು ಪರದೆ ಕಪ್ಪಾದ ಮೇಲೆ ಅಪ್ಪ ಕುರ್ಚಿಯಿಂದ ಏಳಲಿಲ್ಲ. ಅತ್ತೆ ಹಿಂದೆ ದಿವಾನಿನ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರ ಕಡೆ ತಿರುಗದೆಯೇ ಅಪ್ಪ ಕೇಳಿದರು.

"ಆವಾಗ ನಾನರ ನಿನ್ನ ಕೇಳಿದ್ರ ಏನಂತಿದ್ದಿ, ತಂಗೆವ್ವಾ?"

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು.

"ಇರ್ತೀನಿ ಅಂತಿದ್ದೆ, ಅಣ್ಣಾ. ನನ್ನ ಗಂಡಗೂ ಕಳಸೂ ಮನಸ್ಸು ಇರಲಿಲ್ಲ. ಅಪ್ಪ ನನ್ನ ಬಸ್ ಹತ್ತಿಸಿದಾಗ ಅವರು ಹಿಂದ ಬಂದಿದ್ರು. ಬಸ್ ಬಿಡೂತನಾ ಕಿಡಕಿ ಸರಳ ಹಿಡಕೊಂಡ ನಿಂತಿದ್ರು. ಬಸ್ ಬಿಟ್ಟ ಮ್ಯಾಲೂ ಹಂಗ ಹಿಡಕೊಂಡ ಸ್ವಲ್ಪ ದೂರ ಓಡಿ ಬಂದ್ರು."

ಇದು ಅಪ್ಪನಿಗೆ ಗೊತ್ತಿರಲಿಲ್ಲ.